ಹದಿನೈದು ಮೀಟರ್

ಸ್ಕಂಥಾರ್ಪಿನ ಹೊರಗಿನ ಗುಜರಿ ಅಂಗಳದಲ್ಲಿ
ಪೆಟ್ರೋಲಿನ ಹೆಣಗಳೆಲ್ಲ ಒಂದಕ್ಕೊಂದು ಆತುಕೊಂಡು,
ಮೂಗು ಜಜ್ಜಿದವು, ಬೆನ್ನು ಮುರಿದವು,
ಸಂತೆ ಮುಗಿದ ಮೇಲೆ ಮಲಗಿದ ದನಗಳ ಹಾಗೆ.

ಇದೊಂದು ಮಾತ್ರ ದೂರ.
ಸುತ್ತ ಹದಿನೈದು ಮೀಟರ್ ಬಯಲು, ಹಳದಿ ಗೆರೆ,
ಒಂದು ನೀರಿನ ಕೊಳಾಯಿ.
ಬಿಳಿ ಕಾರು. ಮೈಮೇಲೆ ತರಚು ಕೂಡ ಇಲ್ಲ.
ಬಾಗಿಲು ತೆರೆದರೆ ದೀಪ ಹತ್ತಿ
ಬೆಲ್ಟು ಹಾಕಿಕೋ ಎಂದು ಸಣ್ಣಗೆ ಗಂಟೆ ಬಾರಿಸುತ್ತದೆ.

ನನ್ನ ಕೆಲಸ ಬೆಲೆ ಕಟ್ಟುವುದು.
ಮೇಲೆತ್ತಿಸಿ, ಟಾರ್ಚು ಹಿಡಿದು, ಅಡಿಗೆ ಹೋಗಿ ನೋಡಿದೆ:
ಹೊಟ್ಟೆಯ ತಗಡಿನಲ್ಲಿ ಹೆಬ್ಬೆರಳುದ್ದದ ಗೀರು.
ಅಷ್ಟೇ.

ಹೋದ ತಿಂಗಳು, ಹೆಪ್ಪುಗಟ್ಟಿದ ರಾತ್ರಿ ಎರಡೂವರೆಗೆ
ಹಿಲರಿ ಬ್ರಾಕಲ್ಸ್‌ಬಿ, ಸೂಲಗಿತ್ತಿ, ಇಪ್ಪತ್ತಾರು ವರ್ಷದ ಸರ್ವೀಸು,
ವಿಂಟರ್ಟನ್ನಿನ ಯಾರದೋ ನೋವಿಗೆ ಹೊರಟವಳು
ಟ್ರ್ಯಾಕ್ಟರೊಂದು ಉದುರಿಸಿ ಹೋದ ಕಬ್ಬಿಣದ ಮೇಲೆ ಹಾಯ್ದಳು.
ಅದನ್ನೂ ಹೆಕ್ಕಿ ತಂದು ಸೀಟಿನ ಕೆಳಗಿಟ್ಟಿದ್ದಾಳೆ, ಸಾಕ್ಷಿಗೆ.
ಕೈಗೆತ್ತಿಕೊಂಡೆ.
ಮೂವತ್ತು ವರ್ಷ ನಾಲಿಗೆಗೆ ಬಾರದ ಪದ ತಾನಾಗಿ ಬಂತು:
ಹಲುಬೆ.
ಹಲುಬೆಯ ಹಲ್ಲು.
ಫಾರಮ್ಮಿನಲ್ಲಿ ಅದಕ್ಕೆ ಖಾನೆ ಇರಲಿಲ್ಲ;
'ರಸ್ತೆ ಮೇಲಿನ ವಸ್ತು' ಎಂದು ತುಂಬಿಸಿದೆ.

ಫೋನಿನಲ್ಲಿ ಹಿಲರಿ ಹಲುಬಲಿಲ್ಲ, ವಾದಿಸಿದಳು:
"ಓಡುತ್ತದಲ್ಲಮ್ಮ. ಅವತ್ತು ಹೋದೆ, ಕೂಸು ಹುಟ್ಟಿತು,
ವಾಪಸ್ಸೂ ಅದರಲ್ಲೇ ಬಂದೆ."
ಓಡುತ್ತದೆ, ನಿಜ.
ಆದರೆ ಒಳಗಿನ ನೂರಾರು ಕೋಶಗಳಲ್ಲಿ
ಯಾವುದಕ್ಕೆ ಪೆಟ್ಟು ತಾಗಿದೆ, ಯಾವುದಕ್ಕಿಲ್ಲ,
ಬಿಚ್ಚಿ ನೋಡುವವರು ಈ ಸೀಮೆಯಲ್ಲಿಲ್ಲ,
ಬಿಚ್ಚದೆ ನಂಬುವವರು ಕಂಪನಿಯಲ್ಲಿಲ್ಲ.
ಹೊಸ ಬ್ಯಾಟರಿ ಹದಿನಾಲ್ಕು ಸಾವಿರ ಪೌಂಡು.
ಇಡೀ ಕಾರೇ ಹನ್ನೊಂದೂವರೆ.
ಮೂಗಿಗಿಂತ ಮೂಗುತಿ ಭಾರ.

"ಬಸುರಿ ಹೊಟ್ಟೆ ಮೇಲೆ ಅಂಗೈ ಇಟ್ಟರೆ
ತಲೆ ಎತ್ತ, ಕಾಲು ಎತ್ತ, ನನಗೆ ತಿಳಿಯುತ್ತೆ.
ನಿಮಗೆ ಅಂಗೈ ಇಡಲೂ ಬರುವುದಿಲ್ಲವೇ?"
ಬರುವುದಿಲ್ಲ.
ಸಾವಿರ ವೋಲ್ಟು ತಡೆಯುವ ಗವಸು ತೊಡದೆ
ನಾವು ಮುಟ್ಟುವಂತಿಲ್ಲ.

ಮಧ್ಯಾಹ್ನ ಡಬ್ಬಿಯ ಅನ್ನ ಉಣ್ಣುತ್ತ ಕಿಟಕಿಯಿಂದ ನೋಡಿದೆ.
ದೊಡ್ಡಮ್ಮ ಹೀಗೇ ಕೂರುತ್ತಿದ್ದಳು ತಿಂಗಳಿಗೆ ಮೂರು ದಿನ,
ಹಿತ್ತಿಲ ಬಾಗಿಲಾಚೆ, ಗೋಣಿತಾಟಿನ ಮೇಲೆ,
ಮೈಯಲ್ಲಿ ಏನೂ ಕೆಟ್ಟಿರದವಳು,
ಮೇಲಿಂದ ಹುಯ್ಯುವ ನೀರಿಗೆ ಬೊಗಸೆ ಒಡ್ಡಿ.
ಒಮ್ಮೆ ಓಡಿಹೋಗಿ ಮುಟ್ಟಿಬಿಟ್ಟೆ, ಬೇಕಂತಲೇ.
ನನಗೆ ಬೈಗುಳ, ತಲೆಯ ಮೇಲೆ ತಣ್ಣೀರು;
ದೊಡ್ಡಮ್ಮ ಸೆರಗಿನೊಳಗೆ ನಗುತ್ತಿದ್ದಳು.
ನಾಲ್ಕನೆಯ ದಿನ ಮಿಂದು ಒಳಗೆ ಬರುತ್ತಿದ್ದಳು.

ಇದಕ್ಕೆ ನಾಲ್ಕನೆಯ ದಿನ ಇಲ್ಲ.
ಹಾಗಂತ ಗೆರೆಯನ್ನು ಹೀಯಾಳಿಸಲಾರೆ:
ಹೋದ ಬೇಸಿಗೆ ಇದೇ ಅಂಗಳದಲ್ಲಿ ಒಂದು
ಆರು ದಿನ ತಣ್ಣಗಿದ್ದು
ಏಳನೆಯ ದಿನ ಹತ್ತಿಕೊಂಡಿತು.

'ಪೂರ್ಣ ನಷ್ಟ' ಎಂದು ಬರೆದೆ.
ಆರುನೂರ ಹನ್ನೆರಡಿದ್ದ ಹಿಲರಿಯ ಕಂತು
ಬರುವ ವರ್ಷ ಸಾವಿರದ ಮುನ್ನೂರ ನಲವತ್ತು.
ಅವಳ ಬೀದಿಯಲ್ಲಿ ಇಂಥದೇ ಕೊಂಡ ಮೇಷ್ಟರಿಗೂ ಒಂದಿಷ್ಟು ಏರಿಕೆ;
ಹಲುಬೆಯನ್ನೇ ಕಾಣದ, ಗ್ರಿಮ್ಸ್‌ಬಿಯ ಮೀನಂಗಡಿಯವನಿಗೂ.
ಕಾಣದ ಗಾಯಕ್ಕೆ ಊರೆಲ್ಲ ವಂತಿಗೆ.

ಸಂಜೆ ಅವಳ ಸಾಮಾನು ಖಾಲಿ ಮಾಡಿಸಿದೆ:
ಒಂಟಿ ಕಾಲುಚೀಲ, ಪುದೀನ ಗುಳಿಗೆ, ಪಾರ್ಕಿಂಗ್ ಚೀಟಿ,
ಮತ್ತೆ ಮರದ ಪುಟ್ಟ ಕಹಳೆಯೊಂದು:
ಬಸುರಿನ ಮೇಲೆ ಒತ್ತಿ ಎದೆಬಡಿತ ಕೇಳುವಂಥದು,
ಅಂಚು ಹಿಡಿದು ಹಿಡಿದು ನುಣುಪಾದದ್ದು.
ಯಾರೂ ಇರಲಿಲ್ಲ. ಬಗ್ಗಿ
ಕಾರಿನ ನೆಲಕ್ಕೆ ಅದನ್ನಿಟ್ಟು ಕಿವಿಗೊಟ್ಟೆ.
ಏನಿಲ್ಲ.
ದೂರದ ಉಕ್ಕಿನ ಕಾರ್ಖಾನೆಯೋ, ನನ್ನದೇ ನೆತ್ತರೋ,
ಒಂದು ಗುಂಯ್ ಮಾತ್ರ.

ಕಹಳೆಯನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿದೆ.
ಹಲುಬೆಯ ಹಲ್ಲು ನನ್ನ ಮೇಜಿನ ಮೇಲಿದೆ,
ಕಾಗದ ಹಾರದ ಹಾಗೆ.